ಪಿನ್ ಒಂದೇ ಆಯಿತು, ಒಳಗಿನ ಲೆಕ್ಕ ಒಂದಾಗಲಿಲ್ಲ

ಕುಂಬಳೆ, ಉಪ್ಪಳ, ಬದಿಯಡ್ಕ. ಕಾಸರಗೋಡಿನ ಯಾವ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಚಾರ್ಜರ್ ಕೇಳಿದರೂ ಮೊದಲೆಲ್ಲ ಎದುರಾಗುತ್ತಿದ್ದ ಪ್ರಶ್ನೆ ಒಂದೇ: "ಯಾವ ಪಿನ್?" ನೋಕಿಯಾದ ಸಪೂರ ಪಿನ್ನಾ, ದಪ್ಪದ್ದಾ, ಮೈಕ್ರೊ ಯುಎಸ್‌ಬಿ ಅನ್ನುವ ಸಣ್ಣ ಪಿನ್ನಾ, ಐಫೋನಿನದ್ದಾ? ಈಗ ಆ ಪ್ರಶ್ನೆ ಹೆಚ್ಚುಕಡಿಮೆ ನಿಂತೇ ಹೋಗಿದೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ "ಸಿ ಪಿನ್", ಅಂದರೆ ಯುಎಸ್‌ಬಿ ಟೈಪ್-ಸಿ. ಫೋನಿಗೂ ಅದೇ, ಇಯರ್‌ಬಡ್ಡಿಗೂ ಅದೇ, ಟ್ರಿಮ್ಮರಿಗೂ ಅದೇ, ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವಾಗ ಹಿಡಿಯುವ ಟಾರ್ಚಿಗೂ ಅದೇ.

ಹಾಗಂತ ಅಂಗಡಿಯವರ ತಲೆನೋವು ಕಡಿಮೆಯಾಗಿಲ್ಲ. ಮೊದಲು ಜನ "ಇದು ಒಳಗೇ ಹೋಗುವುದಿಲ್ಲ" ಅಂತ ಕೇಬಲ್ ವಾಪಸ್ ತರುತ್ತಿದ್ದರು. ಈಗ "ಒಳಗೆ ಹೋಗ್ತದೆ, ಕೆಲಸ ಮಾತ್ರ ಮಾಡುದಿಲ್ಲ" ಅಂತ ತರುತ್ತಾರೆ. ಮೊದಲನೆಯದಕ್ಕೆ ಕಣ್ಣಲ್ಲೇ ಉತ್ತರ ಸಿಗುತ್ತಿತ್ತು. ಎರಡನೆಯದಕ್ಕೆ ಸಿಗುವುದಿಲ್ಲ, ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವಲ್ಲ.

ಎಲ್ಲಕ್ಕೂ ಸಿ ಪಿನ್ನೇ ಇರಬೇಕು ಅಂತ ಯುರೋಪಿನಲ್ಲಿ ಕಾನೂನು ಮಾಡಿದವರು ಆಕಾರ ಒಂದನ್ನೇ ನೋಡಿದರು ಅನ್ನುವುದು ನ್ಯಾಯವಲ್ಲ. ಒಳಗಿನ ಲೆಕ್ಕವನ್ನೂ ಅವರು ಯೋಚಿಸಿದ್ದಾರೆ. ಆದರೆ ನಮ್ಮೂರಿನ ಕೌಂಟರಿಗೆ ಬಂದು ಮುಟ್ಟಿದ್ದು ಆಕಾರ ಮಾತ್ರ. ಆ ತೂತಿನಲ್ಲಿ ಕರೆಂಟ್ ಎಷ್ಟು ಹೋಗುತ್ತದೆ, ಸದ್ದು ಬರುತ್ತದೋ ಇಲ್ಲವೋ, ರೇಡಿಯೊ ಸಿಗುತ್ತದೋ ಇಲ್ಲವೋ ಅಂತ ಹೇಳುವವರಿಲ್ಲ. ಕೊಂಡವರೇ ಕಂಡುಹಿಡಿಯಬೇಕು, ಅದೂ ದುಡ್ಡು ಕೊಟ್ಟ ಮೇಲೆ.

ಬ್ರಸೆಲ್ಸ್‌ನ ಕಾನೂನು, ಗಲ್ಫಿನ ಸೂಟ್‌ಕೇಸು

2009ರ ಹೊತ್ತಿಗೆ ಯುರೋಪಿನಲ್ಲಿ 30 ಬಗೆಯ ಮೊಬೈಲ್ ಚಾರ್ಜರ್‌ಗಳಿದ್ದವು. ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಆಯೋಗ ಕಂಪನಿಗಳನ್ನು ಕೂರಿಸಿ ಮೈಕ್ರೊ ಯುಎಸ್‌ಬಿಗೆ ಒಪ್ಪಿಸಿತು. ಅದು ಕಡ್ಡಾಯವಲ್ಲ, ಇಷ್ಟಪಟ್ಟು ಮಾಡಿಕೊಂಡ ಒಪ್ಪಂದ. ಆಪಲ್ ಕೂಡ ಸಹಿ ಹಾಕಿತು. ಆದರೆ ಅಡಾಪ್ಟರ್ ಒದಗಿಸಿದರೂ ನಡೆಯುತ್ತದೆ ಎಂಬ ಸಂದಿ ಅದರಲ್ಲಿತ್ತು. ಆ ಸಂದಿಯಲ್ಲಿ ನುಸುಳಿ ತನ್ನದೇ ಪಿನ್ ಉಳಿಸಿಕೊಂಡಿತು, 2012ರಲ್ಲಿ ಐಫೋನ್ 5ರ ಜೊತೆ ಲೈಟ್ನಿಂಗ್ ಅನ್ನೂ ತಂದಿತು. ಟೈಪ್-ಸಿಯ ವಿನ್ಯಾಸ ಹೊರಬಂದದ್ದು 2014ರ ಆಗಸ್ಟಿನಲ್ಲಿ. ಕೊನೆಗೆ 2022ರ ಅಕ್ಟೋಬರ್ 4ರಂದು ಐರೋಪ್ಯ ಸಂಸತ್ತು 13ರ ವಿರುದ್ಧ 602 ಮತಗಳಿಂದ ಟೈಪ್-ಸಿ ಕಡ್ಡಾಯ ಮಾಡಿತು. ಫೋನ್, ಟ್ಯಾಬ್, ಕ್ಯಾಮೆರಾ, ಹೆಡ್‌ಫೋನ್, ಇಯರ್‌ಬಡ್, ಒಯ್ಯುವ ಸ್ಪೀಕರ್ ಇವಕ್ಕೆಲ್ಲ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರಿಂದ. ಗಡುವಿಗೆ ಕಾಯದೆ 2023ರ ಸೆಪ್ಟೆಂಬರಿನಲ್ಲೇ ಐಫೋನ್ 15 ಸಿ ಪಿನ್ ಹಾಕಿಕೊಂಡು ಬಂತು.

ಭಾರತದಲ್ಲಿ ಇದು ಮೆತ್ತಗೆ ನಡೆಯಿತು. 2022ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸಭೆ ಕರೆಯಿತು, ಕಂಪನಿಗಳು ಹ್ಞೂಂ ಅಂದವು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೊ ಟೈಪ್-ಸಿಗೆ ಒಂದು ಮಾನಕ ಪ್ರಕಟಿಸಿತು. ಮಾನಕ ಇರುವುದು ಬೇರೆ, ಪ್ರತಿ ಕೇಬಲ್ಲೂ ಅದಕ್ಕೆ ಸರಿಯಾಗಿ ತಯಾರಾಗುವುದು ಬೇರೆ. ನಮ್ಮಲ್ಲಿ ಸಿ ಪಿನ್ ಬಂದದ್ದು ಕಾನೂನಿನಿಂದ ಅನ್ನುವುದಕ್ಕಿಂತ, ಚೀನಾದ ಕಾರ್ಖಾನೆಗಳಿಗೆ ಎರಡು ಥರದ ಅಚ್ಚು ಇಟ್ಟುಕೊಳ್ಳುವುದು ಲಾಭವಲ್ಲ ಎಂಬ ಕಾರಣದಿಂದ ಅನ್ನುವುದೇ ಸರಿ.

ಕಾಸರಗೋಡಿಗೆ ಇನ್ನೊಂದು ದಾರಿಯೂ ಉಂಟು. ಇಲ್ಲಿನ ಎಷ್ಟೋ ಮನೆಗಳಿಗೆ ಫೋನು, ಇಯರ್‌ಬಡ್ಡು, ಪವರ್‌ಬ್ಯಾಂಕು ಬರುವುದು ಅಂಗಡಿಯಿಂದಲ್ಲ, ದುಬೈ, ದೋಹಾ, ರಿಯಾದ್‌ನಿಂದ ರಜೆಗೆ ಬರುವವರ ಸೂಟ್‌ಕೇಸಿನಲ್ಲಿ. ಸೌದಿ ಅರೇಬಿಯಾ 2025ರ ಜನವರಿ 1ರಿಂದ ಟೈಪ್-ಸಿ ಕಡ್ಡಾಯ ಮಾಡಿದೆ. ಹಾಗಾಗಿ ಅಲ್ಲಿಂದ ಬರುವ ಸಾಮಾನಿನ ಒಂದು ತುದಿಗೆ ತಕರಾರಿಲ್ಲ. ತಕರಾರು ಇನ್ನೊಂದು ತುದಿಯದ್ದು. ಗಲ್ಫಿನ ಚಾರ್ಜರ್ ಬ್ರಿಟಿಷ್ ಮಾದರಿಯದ್ದು, ಮೂರು ಚಪ್ಪಟೆ ಕಾಲು. ನಮ್ಮ ಗೋಡೆಯಲ್ಲಿರುವುದು ದುಂಡು ತೂತು. ಫೋನಿನ ಕಡೆಯ ತುದಿಯನ್ನು ಇಡೀ ಲೋಕ ಸೇರಿ ಒಂದು ಮಾಡಿತು, ಗೋಡೆಯ ಕಡೆಯದ್ದನ್ನು ಯಾರೂ ಮುಟ್ಟಲಿಲ್ಲ. ಅದಕ್ಕೇ ಇಲ್ಲಿನ ಮನೆಗಳಲ್ಲಿ ಆ ಬಿಳಿ ಅಡಾಪ್ಟರ್ ಇಲ್ಲದ ಕೋಣೆಯೇ ಇಲ್ಲ. ಅದು ಲಡಕಾಸಿಯಾಗಿ ಕೂತರೆ ಬಿಸಿಯಾಗುತ್ತದೆ, ಕಪ್ಪಾಗುತ್ತದೆ. ಫೋನ್ ನಿಧಾನ ಚಾರ್ಜ್ ಆಗುತ್ತಿದೆ ಅಂತ ಕೇಬಲ್ ಬದಲಿಸುವ ಮೊದಲು ಗೋಡೆಯ ಕಡೆ ಕೈಯಿಟ್ಟು ನೋಡುವುದು ಒಳ್ಳೆಯದು.

ಪೈಸೆ ಉಳಿಸಿದ ರೆಸಿಸ್ಟರ್

ಈಗ ಆ "ಒಳಗೆ ಹೋಗ್ತದೆ, ಕೆಲಸ ಮಾಡುದಿಲ್ಲ" ಅನ್ನುವ ಕೇಸಿಗೆ ಬರೋಣ. ಇದರಲ್ಲಿ ಬಹಳ ಸಾಮಾನ್ಯವಾದ ಒಂದನ್ನು ಬಿಡಿಸಿ ನೋಡಿದರೆ ಉಳಿದವೂ ಅರ್ಥವಾಗುತ್ತವೆ.

ಕೊರಳಿಗೆ ಹಾಕುವ ಬ್ಲೂಟೂತ್ ಇಯರ್‌ಫೋನ್, ಅದೇ ನೆಕ್‌ಬ್ಯಾಂಡ್, ಅಗ್ಗದ್ದೊಂದು ತರುತ್ತೀರಿ. ಸಿ ಪಿನ್ ಇದೆ. ಪೆಟ್ಟಿಗೆಯಲ್ಲಿ ಒಂದು ಗೇಣುದ್ದದ ಕೇಬಲ್ ಇದೆ, ಒಂದು ತುದಿ ಹಳೆಯ ಚೌಕದ ಯುಎಸ್‌ಬಿ, ಇನ್ನೊಂದು ತುದಿ ಸಿ. ಅದರಲ್ಲಿ ಸರಿಯಾಗಿ ಚಾರ್ಜ್ ಆಗುತ್ತದೆ. ಕೇಬಲ್ ಕಳೆದುಹೋಗುತ್ತದೆ, ಅದು ಕಳೆದುಹೋಗದೆ ಇರುವುದೂ ಇಲ್ಲ. ಆಗ ಹೊಸ ಫೋನಿನ ಚಾರ್ಜರ್ ತಂದು ಸಿಕ್ಕಿಸುತ್ತೀರಿ, ಅದರ ಕೇಬಲ್ ಎರಡೂ ಕಡೆ ಸಿ. ದೀಪ ಹತ್ತುವುದಿಲ್ಲ. ನೆಕ್‌ಬ್ಯಾಂಡ್ ಸತ್ತಿತು ಅಂದುಕೊಳ್ಳುತ್ತೀರಿ. ಸತ್ತಿಲ್ಲ.

ಹಳೆಯ ಚೌಕದ ಯುಎಸ್‌ಬಿ ತೂತಿನಲ್ಲಿ ಸದಾ 5 ವೋಲ್ಟ್ ಇರುತ್ತದೆ. ಏನು ಸಿಕ್ಕಿಸಿದರೂ ಕೊಡುತ್ತದೆ. ಸಿ ತೂತಿನ ಚಾರ್ಜರ್ ಹಾಗಲ್ಲ. ಆ ಕಡೆ ನಿಜವಾಗಿ ಒಂದು ಸಾಧನ ಇದೆ ಅಂತ ಖಾತ್ರಿಯಾಗುವವರೆಗೆ ಅದು ಕರೆಂಟ್ ಬಿಡುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಸಿಸಿ ಎಂಬ ಬೇರೆಯೇ ತಂತಿ ಇದೆ. ಸಾಧನದೊಳಗೆ ಆ ತಂತಿಗೆ 5.1 ಕಿಲೋಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ) ಇರಬೇಕು ಅಂತ ನಿಯಮ. ಪಿನ್ ತಿರುಗಿಸಿ ಹಾಕಿದರೂ ನಡೆಯಬೇಕಲ್ಲ, ಅದಕ್ಕಾಗಿ ಅಂಥವು ಎರಡು. ಬೆಲೆ ಕೆಲವು ಪೈಸೆ. ಲಕ್ಷಗಟ್ಟಲೆ ತಯಾರಿಸುವವನು ಆ ಪೈಸೆಯನ್ನೂ ಉಳಿಸುತ್ತಾನೆ, ರೆಸಿಸ್ಟರ್ ಹಾಕುವುದೇ ಇಲ್ಲ. ಪೆಟ್ಟಿಗೆಯ ಕೇಬಲ್ಲಿನಲ್ಲಿ ಆ ಕೊರತೆ ಗೊತ್ತಾಗುವುದೂ ಇಲ್ಲ. ಕೆಲವರು ಒಂದೇ ಒಂದು ಹಾಕುತ್ತಾರೆ. ಅಂಥ ಸಾಧನ ಒಂದು ಮಗ್ಗುಲಲ್ಲಿ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ತಿರುಗಿಸಿದರೆ ಇಲ್ಲ. ಎರಡು ಮಗ್ಗುಲೂ ಒಂದೇ ಅನ್ನುವುದು ಟೈಪ್-ಸಿಯ ದೊಡ್ಡ ಹೆಗ್ಗಳಿಕೆ ಅಲ್ವಾ!

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2019ರಲ್ಲಿ ಬಂದ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎರಡರ ಬದಲು ಒಂದೇ ರೆಸಿಸ್ಟರ್ ಹಂಚಿಕೊಳ್ಳುವ ಹಾಗೆ ಮಾಡಿದ್ದರು. ಕೆಲವು ಒಳ್ಳೆಯ ಕೇಬಲ್ಲುಗಳಲ್ಲೇ ಅದು ಓಡಲಿಲ್ಲ, ಆಮೇಲೆ ತಿದ್ದಬೇಕಾಯಿತು. ಅದಕ್ಕೂ ಮೊದಲು ಗೂಗಲ್‌ನ ಇಂಜಿನಿಯರ್ ಬೆನ್ಸನ್ ಲ್ಯುಂಗ್ ಸುಮ್ನೆ ಹಟಕ್ಕೆ ಬಿದ್ದವರಂತೆ ಮಾರುಕಟ್ಟೆಯ ಸಿ ಕೇಬಲ್ಲುಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿದರು. 2016ರ ಫೆಬ್ರವರಿಯಲ್ಲಿ ತಪ್ಪು ತಂತಿ ಜೋಡಿಸಿದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು. ಮುಂದಿನ ತಿಂಗಳೇ ಅಮೆಜಾನ್, ನಿಯಮಕ್ಕೆ ಸರಿಯಿಲ್ಲದ ಸಿ ಕೇಬಲ್ ಮಾರುವುದನ್ನು ನಿಷೇಧಿಸಿತು.

ಕೇಬಲ್ಲಿನ ಕತೆಯೂ ಹೀಗೇ. ಸಿ ತುದಿಯಲ್ಲಿ 24 ಸಂಪರ್ಕಗಳಿಗೆ ಜಾಗ ಇದೆ. ಸಾಮಾನ್ಯ ಚಾರ್ಜಿಂಗ್ ಕೇಬಲ್ಲಿನೊಳಗೆ ಅದರಲ್ಲಿ ಕೆಲವಕ್ಕೆ ಮಾತ್ರ ತಂತಿ ಇರುತ್ತದೆ. ಚಾರ್ಜಿಗೆ ಅಷ್ಟು ಸಾಕು. ಫೋನಿನ ವಿಡಿಯೊ ಟಿವಿಯಲ್ಲಿ ನೋಡಬೇಕು ಅಂದರೆ ಸಾಲದು. 3 ಆಂಪಿಯರ್‌ವರೆಗೆ, ಅಂದರೆ 60 ವ್ಯಾಟ್‌ವರೆಗೆ ಸಾದಾ ಕೇಬಲ್ ನಡೆಯುತ್ತದೆ. ಅದಕ್ಕಿಂತ ಮೇಲಾದರೆ ತುದಿಯೊಳಗೆ ಇ-ಮಾರ್ಕರ್ ಎಂಬ ಚಿಪ್ ಬೇಕು. ಅಂಥ ಕೇಬಲ್ಲಿನಲ್ಲಿ 240 ವ್ಯಾಟ್‌ವರೆಗೂ ಹೋಗಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ.

ಇನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 67 ವ್ಯಾಟ್, 80 ವ್ಯಾಟ್. ಒಂದು ಕಂಪನಿ ವೋಲ್ಟೇಜ್ ಕಡಿಮೆ ಇಟ್ಟು ಆಂಪಿಯರ್ ಜಾಸ್ತಿ ಕೊಡುತ್ತದೆ. ಪವರ್ ಡೆಲಿವರಿ ಎಂಬ ಸಾರ್ವತ್ರಿಕ ನಿಯಮ ವೋಲ್ಟೇಜ್ ಏರಿಸುತ್ತದೆ. ಒಂದಕ್ಕೆ ಇನ್ನೊಂದರ ಭಾಷೆ ತಿಳಿಯದಿದ್ದರೆ ಎರಡೂ ಕೆಳಗಿಳಿದು ನಿಧಾನದ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ಅಪ್ಪನದ್ದೊಂದು ಕಂಪನಿ, ಮಗಳದ್ದೊಂದು ಕಂಪನಿ ಇರುವ ಮನೆಯಲ್ಲಿ ಚಾರ್ಜರ್ ಅದಲುಬದಲಾದರೆ ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ. ಯುರೋಪಿನ ಕಾನೂನು ಇಲ್ಲಿ ಜಾಣತನ ತೋರಿಸಿದೆ: 15 ವ್ಯಾಟ್ ಮೀರಿ ಚಾರ್ಜ್ ಆಗುವ ಸಾಧನ ಪವರ್ ಡೆಲಿವರಿಯನ್ನೂ ತಿಳಿದಿರಲೇಬೇಕು, ಎಷ್ಟು ವ್ಯಾಟ್ ಬೇಕು ಅಂತ ಪೆಟ್ಟಿಗೆಯ ಮೇಲೆ ಚಿತ್ರ ಹಾಕಲೇಬೇಕು. ನನಗೆ ಕೇಳಿದರೆ, ಪಿನ್ ಒಂದು ಮಾಡಿದ್ದಕ್ಕಿಂತ ಆ ಚಿತ್ರವೇ ದೊಡ್ಡ ಕೆಲಸ.

ಮಳೆಗಾಲದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಜೇಬಿನ ಫೋನಿಗೂ ತೇವ ಏರುತ್ತದೆ. ಒದ್ದೆ ಪಿನ್ನಿಗೆ ಕರೆಂಟ್ ಹೋದರೆ ಲೋಹ ಕರಗಿ ಕಿಲುಬು ಹಿಡಿಯುತ್ತದೆ. ಆಮೇಲೆ ರಿಪೇರಿಯವರು "ಸಿಸಿ ಬೋರ್ಡ್ ಹೋಗಿದೆ" ಅನ್ನುತ್ತಾರೆ, ಅಂದರೆ ಚಾರ್ಜಿಂಗ್ ಪಿನ್ ಕೂರಿಸಿದ ಸಣ್ಣ ಬೋರ್ಡು. ಪಿನ್ ಒದ್ದೆ ಅಂತ ಫೋನ್ ಎಚ್ಚರಿಸಿದರೆ ಚಾರ್ಜಿಗೆ ಹಾಕದೆ ಗಾಳಿಗೆ ಇಡಿ. ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ. ಅಕ್ಕಿಯ ಪುಡಿ ಒಳಗೆ ಸೇರಿ ಇನ್ನೂ ಕೆಡಿಸಬಹುದು ಅಂತ 2024ರಲ್ಲಿ ಆಪಲ್ ಕೂಡ ಬರೆದು ಹೇಳಿದೆ. ಅಕ್ಕಿ ಊಟಕ್ಕಿರಲಿ.

ಸದ್ದಿನ ತೂತು ಮುಚ್ಚಿದ್ದು

ಇಯರ್‌ಫೋನ್ ಸಿಕ್ಕಿಸುವ 3.5 ಮಿಲಿಮೀಟರ್ ಜ್ಯಾಕಿನಷ್ಟು ಕಾಲ ಬಾಳಿದ ವಸ್ತು ಎಲೆಕ್ಟ್ರಾನಿಕ್ಸಿನಲ್ಲಿ ಕಡಿಮೆ. ಅದರ ಅಣ್ಣ, ಕಾಲು ಇಂಚಿನ ದಪ್ಪ ಜ್ಯಾಕ್, 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನದ್ದು. ಸಣ್ಣದು ಟ್ರಾನ್ಸಿಸ್ಟರ್ ರೇಡಿಯೊಗಳ ಜೊತೆ ಬಂತು, 1979ರ ವಾಕ್‌ಮನ್ ಅದನ್ನು ಲೋಕಕ್ಕೆಲ್ಲ ಹಂಚಿತು. ಯಾವ ಕಂಪನಿಯ ವೈರನ್ನು ಯಾವ ಫೋನಿಗೆ ಹಾಕಿದರೂ ಹಾಡು ಬರುತ್ತಿತ್ತು. ಮೈಕಿನ ತಂತಿಯ ಸ್ಥಾನದ ಬಗ್ಗೆ ಎರಡು ಪಂಗಡ ಇದ್ದವು ನಿಜ, ಆದರೆ ಕೇಳುವುದಕ್ಕೆ ಅದು ಅಡ್ಡಿಯಾಗುತ್ತಿದ್ದದ್ದು ಅಪರೂಪ.

2016ರ ಸೆಪ್ಟೆಂಬರಿನಲ್ಲಿ ಐಫೋನ್ 7ರಿಂದ ಆಪಲ್ ಅದನ್ನು ತೆಗೆಯಿತು. ವೇದಿಕೆಯ ಮೇಲೆ ನಿಂತು ಆ ಕಂಪನಿಯ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ಇದಕ್ಕೆ ಧೈರ್ಯ ಅಂತ ಹೆಸರಿಟ್ಟರು. ಮೊಟೊರೊಲಾದ ಮೋಟೊ ಝಡ್ ಫೋನ್ ಕೆಲವು ತಿಂಗಳು ಮೊದಲೇ ಅದೇ ಕೆಲಸ ಮಾಡಿತ್ತು, ಆದರೆ ಗದ್ದಲವಾದದ್ದು ಆಪಲ್‌ನದ್ದು. ಗೇಲಿ ಮಾಡಿದ್ದ ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ತಾನೂ ತೆಗೆಯಿತು. ಜಾಗ ಉಳಿಯುತ್ತದೆ, ನೀರು ಹೋಗುವ ಒಂದು ದಾರಿ ಮುಚ್ಚುತ್ತದೆ ಅನ್ನುವ ಕಾರಣಗಳು ಸುಳ್ಳಲ್ಲ. ಆದರೆ ಆಪಲ್‌ನದ್ದೇ ವೈರಿಲ್ಲದ ಇಯರ್‌ಬಡ್ ಏರ್‌ಪಾಡ್ಸ್ ಮಾರಾಟಕ್ಕೆ ಬಂದದ್ದು ಅದೇ ವರ್ಷ ಡಿಸೆಂಬರಿನಲ್ಲಿ ಅನ್ನುವುದನ್ನೂ ಜೊತೆಗಿಟ್ಟು ನೋಡಬೇಕು. ತೂತು ಮುಚ್ಚಿದವರೇ ತೂತು ಬೇಡದ ಸಾಮಾನನ್ನು ಮಾರಿದರು. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಜ್ಯಾಕ್ ಇನ್ನೂ ಇದೆ. ದುಬಾರಿಯದ್ದು ಕೊಂಡವರೇ ಅಡಾಪ್ಟರ್ ಹುಡುಕಿಕೊಂಡು ಅಲೆಯುವುದು.

ಆ ಅಡಾಪ್ಟರಿನಲ್ಲೂ ಎರಡು ಜಾತಿ. ಒಂದರಲ್ಲಿ ಬರೀ ತಂತಿ. ಫೋನ್ ತಾನೇ ಸದ್ದನ್ನು ತಯಾರು ಮಾಡಿ ಸಿ ಪಿನ್ನಿಗೆ ಕಳಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡಿಎಸಿ ಎಂಬ ಪುಟ್ಟ ಚಿಪ್ ಇದೆ. ಫೋನ್ ಕೊಟ್ಟ ಅಂಕಿಗಳನ್ನು ಅದೇ ಸದ್ದಾಗಿ ಮಾಡುತ್ತದೆ. ಸ್ಯಾಮ್‌ಸಂಗ್‌ನ ಮೇಲ್ದರ್ಜೆಯ ಫೋನಿಗೂ, ಸಿ ಪಿನ್ನಿನ ಐಫೋನಿಗೂ ಎರಡನೆಯದೇ ಬೇಕು. ಮೊದಲನೆಯದು ಅಗ್ಗ. ಕೌಂಟರಿನಲ್ಲಿ ನೇತಾಡುತ್ತಿರುವುದೂ ಸಾಧಾರಣವಾಗಿ ಅದೇ. ಯಾವುದರ ಮೇಲೂ ಯಾವ ಜಾತಿ ಅಂತ ಬರೆದಿರುವುದಿಲ್ಲ. ಕೇಳುವಾಗ "ಡಿಎಸಿ ಇರುವುದು ಕೊಡಿ" ಅಂತಲೇ ಕೇಳಿ.

ವೈರಿಲ್ಲದ ಸದ್ದು

ಬ್ಲೂಟೂತ್ ಶುರುವಾದದ್ದು 1994ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. 2.4 ಗಿಗಾಹರ್ಟ್ಸ್ ಸುತ್ತಮುತ್ತ 79 ಸಣ್ಣ ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ ಅದು ಕೆಲಸ ಮಾಡುತ್ತದೆ. ವೈಫೈಯೂ ಅಲ್ಲೇ, ಮೈಕ್ರೊವೇವ್ ಒಲೆಯೂ ಅಲ್ಲೇ ಇರುವುದರಿಂದ ಈ ಜಿಗಿತ. ಈ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈಯಲ್ಲಿ ಹೆಚ್ಚಿನದ್ದು ನೀರೇ. ಫೋನ್ ಹಿಂದಿನ ಜೇಬಿನಲ್ಲಿದ್ದಾಗ ಒಂದು ಕಿವಿಯ ಸದ್ದು ತುಂಡು ತುಂಡಾಗುವುದಕ್ಕೆ ಇದೇ ಕಾರಣ. ಬಡ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಜೇಬು ಬದಲಿಸಿ ನೋಡಿ.

ಹಾಡು ಕೇಳುವುದಕ್ಕೆ ಇವತ್ತಿನ ಬ್ಲೂಟೂತ್ ಸಾಕು. ತಾಳಮದ್ದಳೆಯ ಅರ್ಥಗಾರಿಕೆಗಂತೂ ಧಾರಾಳ ಸಾಕು. ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಅಂತ ಪೆಟ್ಟಿಗೆಯ ಮೇಲೆ ಬರೆದಿರುವ ಕೋಡೆಕ್‌ಗಳ (ಸದ್ದನ್ನು ಒತ್ತಿ ಚಿಕ್ಕದು ಮಾಡಿ ಕಳಿಸುವ ವಿಧಾನಗಳ) ನಡುವೆ ವ್ಯತ್ಯಾಸ ಇದೆ, ಆದರೆ ಬಸ್ಸಿನಲ್ಲಿ ಕೂತು ಕೇಳುವವರಿಗೆ ಅದರ ಚಿಂತೆ ಬೇಡ. ತೊಂದರೆ ಬರುವುದು ಮಾತಾಡುವಾಗ.

ಮೈಕ್ ಬೇಕಾದ ಕೂಡಲೇ ಸಾಮಾನ್ಯ ಬ್ಲೂಟೂತ್ ಬೇರೆ ದಾರಿಗೆ ಬದಲಾಗುತ್ತದೆ. ಹಾಡಿನಲ್ಲಿ ಸೆಕೆಂಡಿಗೆ ಸದ್ದಿನ 44,100 ಮಾದರಿ (ಸ್ಯಾಂಪಲ್) ಇದ್ದದ್ದು ಕರೆಯಲ್ಲಿ 16,000ಕ್ಕೆ, ಹಳೆಯ ಜೋಡಿಯಾದರೆ 8,000ಕ್ಕೆ ಇಳಿಯುತ್ತದೆ. "ಡಬ್ಬಿಯೊಳಗಿಂದ ಮಾತಾಡಿದ ಹಾಗೆ ಕೇಳ್ತದೆ" ಅಂತ ಆ ಕಡೆಯವರು ದೂರುವುದು ಇದಕ್ಕೇ. ಗಲ್ಫಿಗೆ ಕರೆ ಮಾಡುವವರಿಗೆ ಇದು ಇನ್ನೂ ಜಾಸ್ತಿ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ತಡೆ ಇರುವುದರಿಂದ ಎಷ್ಟೋ ಮನೆಗಳು ಬೋಟಿಮ್ ಎಂಬ ಕರೆಯ ಆ್ಯಪ್ ಹಿಡಿದಿವೆ. ಇಂಟರ್ನೆಟ್ಟಿನ ತಡ ಒಂದು, ಅದರ ಮೇಲೆ ಎರಡೂ ಕಡೆಯ ಬ್ಲೂಟೂತಿನ ತಡ. ಒಬ್ಬರ ಮಾತು ಮುಗಿಯಿತು ಅಂದುಕೊಂಡು ಇನ್ನೊಬ್ಬರು ಶುರು ಮಾಡುತ್ತಾರೆ, ಎರಡೂ ಡಿಕ್ಕಿ. ಒಂದು ಕಡೆಯಾದರೂ ವೈರ್ ಹಾಕಿದರೆ, ಇಲ್ಲವೇ ಫೋನನ್ನೇ ಕಿವಿಗೆ ಹಿಡಿದರೆ ಎಷ್ಟೋ ಸರಿಯಾಗುತ್ತದೆ. ಹಿನ್ನೆಲೆ ಶ್ರುತಿ ಕೇಳುತ್ತ ಹಾಡಿ ರೆಕಾರ್ಡ್ ಮಾಡುವ ಮಕ್ಕಳಿಗೂ ಇದೇ ತೊಡಕು. ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ತಾಳ ಜಾರುತ್ತದೆ. ವಿಡಿಯೊ ನೋಡುವಾಗ ಈ ತಡ ಗೊತ್ತಾಗದಿರುವುದು ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡುವುದರಿಂದ. ಹಾಡುವವರ ಗಂಟಲನ್ನು ಹಾಗೆ ತಡ ಮಾಡಲು ಬರುವುದಿಲ್ಲ.

2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ಪದ್ಧತಿ ಈ ಎರಡು ತೊಂದರೆಯನ್ನೂ ತಗ್ಗಿಸುತ್ತದೆ. ಫೋನು, ಬಡ್ಡು ಎರಡರಲ್ಲೂ ಅದು ಇರಬೇಕು ಅಷ್ಟೇ. ಆ "ಅಷ್ಟೇ"ಗೆ ಸದ್ಯಕ್ಕೆ ಬೆಲೆ ಜಾಸ್ತಿ.

ತಲಪಾಡಿ ದಾಟುವ ಅಲೆ

ಜ್ಯಾಕ್ ಹೋದದ್ದರಿಂದ ಕಾಸರಗೋಡಿನ ಕನ್ನಡಿಗರಿಗೆ ಆದ ನಷ್ಟ ಬೆಂಗಳೂರಿನವರಿಗೆ ಆಗಿಲ್ಲ. ಅದು ರೇಡಿಯೊದ್ದು.

1956ರ ನವೆಂಬರ್ 1ರಂದು ಗಡಿ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಅಲೆಗಳಿಗೆ ತಲಪಾಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ. 100.3 ಮೆಗಾಹರ್ಟ್ಸ್‌ನಲ್ಲಿ ಮಂಗಳೂರು ಆಕಾಶವಾಣಿ ಮಂಜೇಶ್ವರ, ಉಪ್ಪಳದ ಕಡೆ ಬರುತ್ತದೆ. ಕನ್ನಡ ವಾರ್ತೆ, ತುಳು ಕಾರ್ಯಕ್ರಮ, ತಾಳಮದ್ದಳೆ, ಕೃಷಿಯ ಮಾತು. ಇತ್ತ ಕಣ್ಣೂರು ನಿಲಯ 101.5ರಲ್ಲಿ ಮಲಯಾಳದಲ್ಲಿ ಮಾತಾಡುತ್ತದೆ. ಶಾಲೆಯ ಪಾಠ, ಕಚೇರಿಯ ಅರ್ಜಿ, ಬಸ್ಸಿನ ಬೋರ್ಡ್ ಎಲ್ಲದರಲ್ಲೂ ಕನ್ನಡಕ್ಕೆ ಗುದ್ದಾಡಬೇಕಾದ ಕಡೆ, ಯಾರ ಅಪ್ಪಣೆಯೂ ಇಲ್ಲದೆ ಮನೆಯೊಳಗೆ ಬರುತ್ತಿದ್ದ ಕನ್ನಡ ಇದು.

ಫೋನಿನೊಳಗೆ ಎಫ್‌ಎಂ ಚಿಪ್ ಇದ್ದರೆ ಸಾಲದು, ಆಂಟೆನಾ ಬೇಕು. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದನ್ನು ಹಿಡಿಯಲು ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರ್ ತಂತಿ ಇದ್ದರೆ ಚೆನ್ನ. ಅಷ್ಟುದ್ದದ ತಂತಿಗೆ ಫೋನಿನೊಳಗೆ ಜಾಗವಿಲ್ಲ. ಇಯರ್‌ಫೋನಿನ ವೈರೇ ಆ ಕೆಲಸ ಮಾಡುತ್ತಿತ್ತು. ಅದಕ್ಕೇ ವೈರ್ ಕಿತ್ತರೆ ಎಫ್‌ಎಂ ಆ್ಯಪ್ "ಹೆಡ್‌ಫೋನ್ ಸಿಕ್ಕಿಸಿ" ಅನ್ನುತ್ತಿದ್ದದ್ದು. ಬ್ಲೂಟೂತ್ ಬಡ್ಡು ಎಷ್ಟು ದುಬಾರಿಯಾದರೂ ಆಂಟೆನಾ ಆಗಲಾರದು. ಕೆಲವು ಫೋನುಗಳು ಸಿ ಪಿನ್ನಿನ ವೈರನ್ನು ಆಂಟೆನಾ ಮಾಡಿಕೊಳ್ಳುತ್ತವೆ, ಕೆಲವು ಇಲ್ಲ. ಅದೂ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಆ್ಯಪಿನಲ್ಲಿ ಕೇಳಿದರಾಯಿತಲ್ಲ ಅನ್ನಬಹುದು. ಆಕಾಶವಾಣಿಯ ಆ್ಯಪ್ ಇದೆ, ನಿಜ. ಡೇಟಾ ಇದ್ದಾಗ ಚೆನ್ನಾಗಿಯೇ ಬರುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಖಾಲಿಯಾದ ಮೇಲೆ ಆ್ಯಪ್ ಸುತ್ತುತ್ತಲೇ ಇರುತ್ತದೆ. ಎಫ್‌ಎಂಗೆ ಆ ಟವರ್ ಬೇಡ. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಇದೇ ಕಾರಣ ಕೊಟ್ಟು ಫೋನ್ ಕಂಪನಿಗಳಿಗೆ ಬರೆಯಿತು: ಎಫ್‌ಎಂ ಇರುವ ಫೋನಿನಲ್ಲಿ ಅದನ್ನು ಮುಚ್ಚಬೇಡಿ, ಇಲ್ಲದಿದ್ದರೆ ಸೇರಿಸಿ, ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ ಅಂತ. ಸಲಹೆ ಅದು, ಕಡ್ಡಾಯವಲ್ಲ. ಚಿಪ್ ಉಳಿಸಿ ಅಂತ ಹೇಳುವಾಗ ಆಂಟೆನಾದ ತೂತಿನ ಬಗ್ಗೆಯೂ ಗಟ್ಟಿಯಾಗಿ ಹೇಳಬೇಕಿತ್ತು.

ಬ್ಯಾಟರಿ ಸತ್ತ ಮೇಲೆ

ವೈರಿನ ಇಯರ್‌ಫೋನ್ ಕೆಟ್ಟರೆ ಹೆಚ್ಚಾಗಿ ಕೆಡುವುದು ಜ್ಯಾಕಿನ ಬುಡದಲ್ಲಿ. ಕತ್ತರಿಸಿ ಹೊಸ ಜ್ಯಾಕ್ ಬೆಸುಗೆ ಹಾಕಿದರೆ ಮತ್ತೆ ಹಾಡುತ್ತದೆ. ಇಯರ್‌ಬಡ್ಡಿನ ಆಯುಸ್ಸು ಅದರ ಬ್ಯಾಟರಿಯ ಆಯುಸ್ಸು. ಫೋನಿನಲ್ಲಿ 5,000 ಮಿಲಿಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಒಂದು ಬಡ್ಡಿನಲ್ಲಿ 30ರಿಂದ 60. ಸಣ್ಣದಾದ್ದರಿಂದ ದಿನಾ ಪೂರ್ತಿ ಖಾಲಿಯಾಗುತ್ತದೆ, ದಿನಾ ಪೂರ್ತಿ ತುಂಬುತ್ತದೆ. ಲಿಥಿಯಂ ಬ್ಯಾಟರಿ ಇಂಥ 300ರಿಂದ 500 ಸುತ್ತು ಆದ ಮೇಲೆ ಸೋಲತೊಡಗುತ್ತದೆ. ದಿನಕ್ಕೊಂದು ಸುತ್ತು ಹಿಡಿದರೂ ವರ್ಷ, ಒಂದೂವರೆ ವರ್ಷ. ಬದಲಿಸೋಣವೆಂದರೆ ಅಂಟು ಹಾಕಿ ಮುಚ್ಚಿದ್ದು. ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್ ಏರ್‌ಪಾಡ್ಸ್‌ಗೆ 10ಕ್ಕೆ 0 ಕೊಟ್ಟಿತ್ತು.

ಬದಲಿಸಲು ಆಗುವುದೇ ಇಲ್ಲ ಅನ್ನುವುದು ನಿಜವಲ್ಲ. ನೆದರ್ಲೆಂಡ್ಸಿನ ಫೇರ್‌ಫೋನ್ 2024ರಲ್ಲಿ ಬ್ಯಾಟರಿ ತೆಗೆದು ಹಾಕಬಹುದಾದ ಇಯರ್‌ಬಡ್ ಮಾಡಿ ತೋರಿಸಿದೆ. ಯುರೋಪಿನ ಬ್ಯಾಟರಿ ನಿಯಮ 2027ರ ಫೆಬ್ರವರಿ 18ರಿಂದ ಒಯ್ಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು ಅನ್ನುತ್ತದೆ, ಕೆಲವು ವಿನಾಯಿತಿಗಳ ಜೊತೆ. ಸಿ ಪಿನ್ನಿನ ಹಾಗೆ ಇದೂ ಕಾರ್ಖಾನೆಯ ಅಚ್ಚಿನ ದಾರಿಯಲ್ಲಿ ನಮ್ಮಲ್ಲಿಗೆ ಬಂದರೆ ಬರಬಹುದು.

ಅಲ್ಲಿಯವರೆಗೆ ಸತ್ತ ಬಡ್ಡು ಹೋಗುವುದೆಲ್ಲಿಗೆ? ಕೇರಳದಲ್ಲಿ ಕಸ ಒಯ್ಯಲು ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರು ಇದ್ದಾರೆ, ಇ-ಕಸ ಕೊಂಡೊಯ್ಯಲು ಕ್ಲೀನ್ ಕೇರಳ ಕಂಪನಿ ಇದೆ. ಈ ವಿಷಯದಲ್ಲಿ ನಾವು ಗಡಿಯಾಚೆಯ ಎಷ್ಟೋ ಊರುಗಳಿಗಿಂತ ಮೇಲು. ಆದರೆ ಬಡ್ಡು ಕಡಲೆಕಾಳಿನಷ್ಟಿರುವುದರಿಂದ ಹಾಲಿನ ಪ್ಯಾಕೆಟ್ಟಿನ ಚೀಲದೊಳಗೆ ಸೇರಿಬಿಡುತ್ತದೆ. ಪ್ಲಾಸ್ಟಿಕ್ ಒತ್ತಿ ಕಟ್ಟುವ ಯಂತ್ರದಲ್ಲಿ ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತುತ್ತದೆ. ಬೇರೆ ಪೊಟ್ಟಣದಲ್ಲಿ ಕಟ್ಟಿ, ಬ್ಯಾಟರಿ ಇದೆ ಅಂತ ಬಾಯಿಬಿಟ್ಟು ಹೇಳಿ ಕೊಡಬೇಕು.

ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದವರಿಗೆ ನಾನು ನೆಕ್‌ಬ್ಯಾಂಡ್ ಅನ್ನುತ್ತೇನೆ. ಫ್ಯಾಷನ್ ಅಲ್ಲ, ಗೊತ್ತು. ಬ್ಯಾಟರಿ ಬಡ್ಡಿಗಿಂತ ದೊಡ್ಡದು, ಒಂದು ಕಿವಿಯದ್ದು ತೋಡಿಗೆ ಬೀಳುವ ಭಯವಿಲ್ಲ, ಬಿಚ್ಚಿ ಬ್ಯಾಟರಿ ಹಾಕಿಕೊಡುವ ರಿಪೇರಿಯವರೂ ಸಿಗುತ್ತಾರೆ. ವಯಸ್ಸಾದವರಿಗಾದರೆ ಜ್ಯಾಕ್ ಇರುವ ಫೋನು, ವೈರಿನ ಇಯರ್‌ಫೋನು. ಮಂಗಳೂರು ನಿಲಯ ಕೇಳುವವರಿಗೆ ಬೇರೆ ಆಯ್ಕೆಯೇ ಬೇಡ.

ಯಾವುದೇ ಆಗಲಿ, ಅಂಗಡಿಗೆ ನಿಮ್ಮ ಫೋನು, ಮನೆಯ ಚಾರ್ಜರು, ಎರಡೂ ಕಡೆ ಸಿ ಇರುವ ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ. ಹೊಸ ಸಾಮಾನನ್ನು ಪೆಟ್ಟಿಗೆಯ ಕೇಬಲ್ಲಿನಲ್ಲಲ್ಲ, ನಿಮ್ಮದರಲ್ಲಿ ಸಿಕ್ಕಿಸಿ. ದೀಪ ಹತ್ತಿತೇ? ಪಿನ್ ತಿರುಗಿಸಿ ಇನ್ನೊಮ್ಮೆ ಸಿಕ್ಕಿಸಿ. ಎರಡೂ ಸಲ ಹತ್ತಿದರೆ ಬಿಲ್ ಮಾಡಿಸಿ.